ಡ್ಯೂಟಿ ಮುಗಿದ ಮೇಲೆ – ಕಂತು 11: ಮಗುಚಿದ ಕೊಡೆ ಮತ್ತು ಟಾಟಾ ಇನ್‌ಸ್ಟಿಟ್ಯೂಟಿನ ಫ್ಲೂ ಲಸಿಕೆ

ಈ ಕಂತು ತಡವಾಯಿತು, ಗೊತ್ತು. ಇಲ್ಲಿ ಈಗ ಫ್ಲೂ ಲಸಿಕೆಯ ಕಾಲ. ಊರಲ್ಲಿ ಮಕ್ಕಳಿಗೆ ದಸರಾ ರಜೆ ಸಿಗುವ ಹೊತ್ತಿಗೆ ದುಬೈ, ಅಬುಧಾಬಿಯ ಆಸ್ಪತ್ರೆ ಕ್ಲಿನಿಕ್ಕುಗಳ ಬಾಗಿಲಲ್ಲೆಲ್ಲ ಅದೇ ಬೋರ್ಡು. ಮೊನ್ನೆ ಒಂದು ಕಂಪನಿಯ ಲೇಬರ್ ಕ್ಯಾಂಪಿಗೆ ಹೋಗಿ ನಾವಿಬ್ಬರು ನರ್ಸುಗಳು ಒಂದೇ ದಿನದಲ್ಲಿ 118 ತೋಳುಗಳಿಗೆ ಚುಚ್ಚಿ ಬಂದೆವು. ಸಂಜೆಗೆ ಹೆಬ್ಬೆರಳು ಮಡಚಲಿಕ್ಕೆ ಬರುತ್ತಿರಲಿಲ್ಲ.

ಸಾಲಿನಲ್ಲಿ ಒಬ್ಬರು ಬೈಂದೂರಿನ ಕಡೆಯವರು. ನನ್ನ ಬ್ಯಾಡ್ಜಿನ ಹೆಸರು ನೋಡಿ ಕನ್ನಡದಲ್ಲೇ ಕೇಳಿದರು: "ಸಿಸ್ಟರ್, ಹೋದ ವರ್ಷವೂ ತಗೊಂಡಿದ್ದೇನೆ. ಮತ್ತೆ ಎಂತಕ್ಕೆ? ಒಂದೇ ಸಲ ಗಟ್ಟಿ ಮಾಡಿ ಕೊಡ್ಲಿಕ್ಕೆ ಆಗುದಿಲ್ವಾ?"

"ವೈರಸ್ ಪ್ರತಿ ವರ್ಷ ವೇಷ ಬದಲಿಸ್ತದೆ ಅಣ್ಣ" ಎಂದು ಎಲ್ಲರಿಗೂ ಹೇಳುವ ಉತ್ತರವನ್ನೇ ಹೇಳಿ ಹತ್ತಿ ಒತ್ತಿದೆ. ಆದರೆ ಆ ಪ್ರಶ್ನೆ ನನ್ನ ಜೊತೆ ರೂಮಿಗೆ ಬಂತು. ಯಾಕೆಂದರೆ ಅದು ನಮ್ಮ ಮನೆಯ ಪ್ರಶ್ನೆಯೂ ಹೌದು.

ಅಪ್ಪನ ವಿಷಯ ನಿಮ್ಮಲ್ಲಿ ಹೆಚ್ಚಿನವರಿಗೆ ಗೊತ್ತು. ಹಿಂದೊಮ್ಮೆ ಡಿಸೆಂಬರ್ ರಜೆಯಲ್ಲಿ ಬಂದಾಗ ಅಪ್ಪ ಅಮ್ಮನಿಗೆ ನಾನೇ ಫ್ಲೂ ಲಸಿಕೆ ಕೊಟ್ಟಿದ್ದೆ. ಮರುವರ್ಷ ರಜೆ ಸಿಗಲಿಲ್ಲ. ತಮ್ಮನಿಗೆ ಒಂದು ಫೋನ್ ಮಾಡಿ "ಪುತ್ತೂರಿಗೆ ಕರೆದುಕೊಂಡು ಹೋಗಿ ಹಾಕಿಸು" ಎಂದಿದ್ದರೆ ಮುಗಿಯುತ್ತಿತ್ತು. ಹೇಳಲಿಲ್ಲ. ನೆನಪಾಗಲಿಲ್ಲ ಎಂದಲ್ಲ, ಒಮ್ಮೆ ಕೊಟ್ಟಾಗಿದೆಯಲ್ಲ ಎಂದು ನನ್ನ ಮನಸ್ಸೂ ಆ ಬೈಂದೂರಿನವರ ಹಾಗೆ ಲೆಕ್ಕ ಹಾಕಿತ್ತು. ಅದರ ಮುಂದಿನ ಜುಲೈಯಲ್ಲಿ, ಆ ಜೋರು ಮಳೆಯ ವಾರ, ಅಪ್ಪನಿಗೆ ಜ್ವರ ಬಂತು. ಮೂರನೇ ದಿನ ತಮ್ಮ ವಿಡಿಯೋ ಕಾಲ್ ಮಾಡಿ ಬೆರಳಿನ ಆಕ್ಸಿಮೀಟರ್ ತೋರಿಸಿದ. 84. ನಾನು ಇಲ್ಲಿ ನಿಂತುಕೊಂಡೇ ಕೂಗಿದೆ, "ಆಂಬ್ಯುಲೆನ್ಸ್ ಕರಿ, ಈಗಲೇ". ಮಂಗಳೂರಿನಲ್ಲಿ ಒಂಬತ್ತು ದಿನ ಐಸಿಯು. ರಿಪೋರ್ಟಿನಲ್ಲಿ ಬಂದದ್ದು: ಇನ್‌ಫ್ಲುಯೆಂಝಾ ಎ, ಎಚ್3ಎನ್2. ಅಪ್ಪ ಮನೆಗೆ ಬಂದರು, ದೇವರ ದಯೆ. ಆದರೆ ಈಗ ತೋಟಕ್ಕೆ ಹೋಗುವಾಗ ಬಾವಿಕಟ್ಟೆಯ ಹತ್ತಿರ ಒಂದು ಸಲ ಕೂತು ಉಸಿರು ತೆಗೆದುಕೊಂಡೇ ಮುಂದೆ ಹೋಗಬೇಕು.

ಈ ಎಚ್3ಎನ್2 ಎಲ್ಲಿಂದ ಬಂತು ಎಂದು ಆಮೇಲೆ ಓದುತ್ತಾ ಹೋದೆ. 1968ರಲ್ಲಿ ಹಾಂಗ್‌ಕಾಂಗಿನಲ್ಲಿ ಕಾಣಿಸಿಕೊಂಡು ಪ್ರಪಂಚ ಸುತ್ತಿದ ಮಹಾಫ್ಲೂವಿನ ವಂಶ ಅದು. ಅದರ ಬಗ್ಗೆ ಓದುತ್ತಿದ್ದಾಗಲೇ ನಮ್ಮ ಬೆಂಗಳೂರಿನ ಹೆಸರು ಸಿಕ್ಕಿತು. ಒಂದೇ ಸಲ ಗಟ್ಟಿ ಮಾಡಿ ಕೊಡುವ ಫ್ಲೂ ಲಸಿಕೆಗಾಗಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ ಒಂದು ಪ್ರಯತ್ನ ನಡೆದಿದೆ, ಅದೂ ಬ್ಯಾಕ್ಟೀರಿಯಾವನ್ನು ಅಡುಗೆಯವನನ್ನಾಗಿ ಇಟ್ಟುಕೊಂಡು. ಇವತ್ತು ಆ ಕಥೆ. ಸ್ವಲ್ಪ ಉದ್ದ ಉಂಟು, ಚಹಾ ಮಾಡಿಕೊಂಡು ಕೂತುಕೊಳ್ಳಿ.

ಮೊದಲು ವೈರಸ್ಸನ್ನು ನೋಡುವ. ಫ್ಲೂ ವೈರಸ್ಸಿನ ಮೈಮೇಲೆ ಅಣಬೆಗಳು ಎದ್ದ ಹಾಗೆ ಒಂದು ಪ್ರೊಟೀನ್ ಇರುತ್ತದೆ. ಹೆಸರು ಹೀಮಗ್ಲುಟಿನಿನ್. ಎಚ್3ಎನ್2 ಎನ್ನುವಾಗ ಬರುವ ಎಚ್ ಇದೇ. ಅಣಬೆಗೆ ಇರುವಂತೆ ಇದಕ್ಕೂ ಮೇಲೊಂದು ತಲೆ, ಕೆಳಗೊಂದು ಕಾಂಡ. ನಮ್ಮ ದೇಹಕ್ಕೆ ಮೊದಲು ಕಾಣುವುದು ತಲೆ. ನಾವು ತಯಾರಿಸುವ ಪ್ರತಿಕಾಯಗಳಲ್ಲಿ ಹೆಚ್ಚಿನವು ಆ ತಲೆಗೇ ಅಂಟುತ್ತವೆ. ವೈರಸ್ ಬದಲಿಸುವುದೂ ಆ ತಲೆಯನ್ನೇ. ಕಾಂಡ ಮಾತ್ರ ವರ್ಷವರ್ಷಕ್ಕೂ ಹೆಚ್ಚು ಬದಲಾಗುವುದಿಲ್ಲ, ಯಾಕೆಂದರೆ ಅದಕ್ಕೆ ಒಂದು ಮುಖ್ಯ ಕೆಲಸ ಇದೆ. ಅದನ್ನು ಕೆಡಿಸಿಕೊಂಡರೆ ವೈರಸ್ಸೇ ಬದುಕುವುದಿಲ್ಲ.

ಈಗ ನಾನು ಕೊಡುವ ಲಸಿಕೆ ಬಹುತೇಕ ಕೋಳಿಮೊಟ್ಟೆಯ ಕಥೆ. ಅಮೆರಿಕದಲ್ಲಿ 1945ರಲ್ಲಿ ಸಾರ್ವಜನಿಕರಿಗೆ ಒಪ್ಪಿಗೆಯಾದ ಫ್ಲೂ ಲಸಿಕೆಯಿಂದ ಹಿಡಿದು ಇವತ್ತಿನವರೆಗೂ ಹೆಚ್ಚಿನ ಫ್ಲೂ ಲಸಿಕೆಗಳಿಗೆ ವೈರಸ್ಸನ್ನು ಬೆಳೆಸುವುದು ಮರಿಯಾಗುತ್ತಿರುವ ಕೋಳಿಮೊಟ್ಟೆಯ ಒಳಗೆ. ಬೆಳೆಸಿ, ಕೊಂದು, ಶುದ್ಧ ಮಾಡಿ ತುಂಬಿಸುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆಯ ತಜ್ಞರು ವರ್ಷಕ್ಕೆ ಎರಡು ಸಲ ಕೂತು ಯಾವ ತಳಿಯನ್ನು ಹಾಕಬೇಕು ಎಂದು ನಿರ್ಧರಿಸುತ್ತಾರೆ. ಭೂಮಿಯ ಉತ್ತರಾರ್ಧದ ಚಳಿಗಾಲಕ್ಕೆ ಫೆಬ್ರವರಿಯಲ್ಲಿ, ದಕ್ಷಿಣಾರ್ಧಕ್ಕೆ ಸೆಪ್ಟೆಂಬರಿನಲ್ಲಿ. ಅಲ್ಲಿಂದ ಸಿರಿಂಜಿಗೆ ಬರಲಿಕ್ಕೆ ಸುಮಾರು ಆರು ತಿಂಗಳು ಬೇಕು. ಆ ಆರು ತಿಂಗಳಲ್ಲಿ ವೈರಸ್ ಸುಮ್ಮನೆ ಕೂತಿರುತ್ತದೆ ಎಂದು ಯಾರೂ ಬರೆದುಕೊಟ್ಟಿಲ್ಲ.

ಈ ತಡ ಎಷ್ಟು ದುಬಾರಿ ಎಂದು ನನ್ನ ಬ್ಯಾಚಿನವರಿಗೆ ನೆನಪಿರಬಹುದು. 2009. ನಾವು ಬೆಂಗಳೂರಿನಲ್ಲಿ ಬಿಎಸ್ಸಿ ನರ್ಸಿಂಗ್ ಓದುತ್ತಿದ್ದ ಕಾಲ. ಏಪ್ರಿಲಿನಲ್ಲಿ ಮೆಕ್ಸಿಕೊ, ಅಮೆರಿಕದಿಂದ ಹಂದಿಜ್ವರದ ಸುದ್ದಿ. ಜೂನ್ 11ಕ್ಕೆ ವಿಶ್ವ ಆರೋಗ್ಯ ಸಂಸ್ಥೆ ಅದನ್ನು ಮಹಾಪಿಡುಗು ಎಂದು ಸಾರಿತು. ಆಗಸ್ಟಿನಲ್ಲಿ ಪುಣೆಯಲ್ಲಿ ದೇಶದ ಮೊದಲ ಸಾವು. ನಮ್ಮ ದೇಶದ್ದೇ ಲಸಿಕೆ, ಝೈಡಸ್‌ನವರದ್ದು, ಬಂದದ್ದು 2010ರ ಜೂನಿನಲ್ಲಿ. ಸೀರಂ ಇನ್‌ಸ್ಟಿಟ್ಯೂಟಿನ ಮೂಗಿಗೆ ಬಿಡುವ ಲಸಿಕೆ ಜುಲೈಯಲ್ಲಿ. ಆಗಸ್ಟ್ 10ಕ್ಕೆ ಪಿಡುಗು ಮುಗಿಯಿತು ಎಂದೇ ಘೋಷಣೆಯಾಯಿತು! ಊಟ ಬಡಿಸುವ ಹೊತ್ತಿಗೆ ನೆಂಟರೆಲ್ಲ ಕೈತೊಳೆದುಕೊಂಡು ಎದ್ದಾಗಿತ್ತು.

ಆ ವರ್ಷ ಕ್ಲಿನಿಕಲ್ ಪೋಸ್ಟಿಂಗಿಗೆ ಹೋಗುವಾಗ ನಮ್ಮ ಬಸ್ಸು ಯಶವಂತಪುರದ ಕಡೆಯಿಂದ ಟಾಟಾ ಇನ್‌ಸ್ಟಿಟ್ಯೂಟಿನ ಗೇಟು ದಾಟಿ ಹೋಗುತ್ತಿತ್ತು. ಮುಖಕ್ಕೆ ಎರಡೆರಡು ಮಾಸ್ಕ್ ಹಾಕಿ ಕಿಟಕಿ ಬದಿ ಕೂತು ಆ ಮರಗಳನ್ನು ನೋಡುತ್ತಿದ್ದೆವು. ಜೆಮ್‌ಶೆಟ್‌ಜಿ ಟಾಟಾ ಕಂಡ ಕನಸು, ಮೈಸೂರು ಅರಸರು ಕೊಟ್ಟ ಜಾಗ, 1909ರಲ್ಲಿ ಹುಟ್ಟಿದ ಸಂಸ್ಥೆ, ಇಷ್ಟು ಮಾತ್ರ ಗೊತ್ತಿತ್ತು. ಒಳಗೆ ಪ್ರೊಫೆಸರ್ ರಾಘವನ್ ವರದರಾಜನ್ ಅವರ ಪ್ರಯೋಗಾಲಯ ಅದೇ ಫ್ಲೂವಿಗೆ ಬೇರೆಯೇ ದಾರಿ ಹುಡುಕುತ್ತಿದೆ ಎಂದು ನಮಗೆ ಯಾರು ಹೇಳಬೇಕು?

ಅವರು ಆರಿಸಿಕೊಂಡ ಅಡುಗೆಯವನ ಹೆಸರು ಇ. ಕೋಲೈ. ನರ್ಸುಗಳಿಗೆ ಈ ಹೆಸರು ಕೇಳಿದರೆ ಪ್ರೀತಿ ಹುಟ್ಟುವುದಿಲ್ಲ. ಯೂರಿನ್ ಕಲ್ಚರ್ ರಿಪೋರ್ಟಿನಲ್ಲಿ ದಿನಕ್ಕೆ ನಾಲ್ಕು ಸಲ ಕಾಣುವ ಹೆಸರು. ನಮ್ಮೆಲ್ಲರ ಕರುಳಿನಲ್ಲಿ ವಾಸ, ಅಲ್ಲಿದ್ದರೆ ಬಹುಮಟ್ಟಿಗೆ ಸಾಧು, ದಾರಿ ತಪ್ಪಿ ಮೂತ್ರಕೋಶಕ್ಕೋ ರಕ್ತಕ್ಕೋ ಹೋದರೆ ರಾಕ್ಷಸ. 1885ರಲ್ಲಿ ಥಿಯೋಡೋರ್ ಎಶೆರಿಶ್ ಎಂಬ ಮಕ್ಕಳ ವೈದ್ಯರು ಶಿಶುಗಳ ಮಲದಲ್ಲಿ ಇದನ್ನು ಕಂಡರು.

ಆದರೆ ಇದರಷ್ಟು ಚುರುಕಾಗಿ, ಕಡಿಮೆ ಖರ್ಚಿನಲ್ಲಿ ದುಡಿಯುವವರು ಸಿಗುವುದು ಕಷ್ಟ. ಒಳ್ಳೆಯ ಆಹಾರ ಕೊಟ್ಟು 37 ಡಿಗ್ರಿಯಲ್ಲಿಟ್ಟರೆ 20 ನಿಮಿಷಕ್ಕೊಮ್ಮೆ ಒಂದು ಎರಡಾಗುತ್ತದೆ. ನಮ್ಮ ಒಂದು ಎಂಟು ಗಂಟೆಯ ಶಿಫ್ಟ್ ಮುಗಿಯುವಾಗ, ಬರಿಯ ಲೆಕ್ಕದ ಪ್ರಕಾರ, ಒಂದು ಕೋಟಿ ಅರವತ್ತೇಳು ಲಕ್ಷ. ಅದರೊಳಗೆ ನಮಗೆ ಬೇಕಾದ ಪ್ರೊಟೀನಿನ ಜೀನನ್ನು, ಅಂದರೆ ಅಡುಗೆಯ ಚೀಟಿಯನ್ನು, ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಬಳೆಗೆ ಜೋಡಿಸಿ ಸೇರಿಸುತ್ತಾರೆ. ಅದು ಪ್ರಶ್ನೆ ಕೇಳದೆ ಓದಿ ಮಾಡುತ್ತದೆ. ಮನುಷ್ಯರ ಇನ್ಸುಲಿನ್ ಜೀನನ್ನು 1978ರಲ್ಲಿ ಕೊಟ್ಟರು, ಮಾಡಿತು. 1982ರಲ್ಲಿ ಅದು ಔಷಧಿಯಾಗಿ ಮಾರುಕಟ್ಟೆಗೆ ಬಂತು. ನಮ್ಮ ಅತ್ತೆ ದಿನಾ ಚುಚ್ಚಿಕೊಳ್ಳುವ ಇನ್ಸುಲಿನ್ ಈ ಮಾರ್ಗದಲ್ಲಿ ಬಂದದ್ದೇ.

ಹಾಗಿದ್ದರೆ ವೈರಸ್ಸಿನ ಪ್ರೊಟೀನನ್ನೂ ಮಾಡಿಸಿ ಲಸಿಕೆ ತಯಾರಿಸಬಹುದಲ್ಲ? ವೈರಸ್ಸೇ ಇಲ್ಲದ ಲಸಿಕೆ! ಇಲ್ಲೇ ಮೊದಲ ಪೆಟ್ಟು ಬಿತ್ತು.

ಹೆಪಟೈಟಿಸ್ ಬಿ ಕಥೆ ತೆಗೆದುಕೊಳ್ಳಿ. 1981ರಲ್ಲಿ ಬಂದ ಮೊದಲ ಲಸಿಕೆಯನ್ನು ಮಾಡುತ್ತಿದ್ದದ್ದು ಆ ಕಾಯಿಲೆ ಇದ್ದವರ ರಕ್ತದಿಂದಲೇ. ರಕ್ತದ ಪ್ಲಾಸ್ಮಾದಿಂದ ವೈರಸ್ಸಿನ ಹೊರಕವಚದ ಪ್ರೊಟೀನನ್ನು ಸೋಸಿ, ರೋಗಾಣು ಸಾಯುವಂತೆ ಸಂಸ್ಕರಿಸಿ ಕೊಡುತ್ತಿದ್ದರು. ಲಸಿಕೆ ಕೆಲಸ ಮಾಡುತ್ತಿತ್ತು, ಆದರೆ ಅದೇ ಹೊತ್ತಿಗೆ ಏಡ್ಸ್ ಕಾಣಿಸಿಕೊಂಡು ಬೇರೆಯವರ ರಕ್ತ ಎಂದರೆ ಜನ ಬೆಚ್ಚಿಬೀಳುವಂತಾಯಿತು. ಅದಕ್ಕೆ ಮೊದಲೇ, 1979ರ ಸುಮಾರಿಗೆ, ಎಡಿನ್‌ಬರೋದಲ್ಲಿ ಕೆನೆತ್ ಮರ್ರೇ ಅವರ ತಂಡ ಈ ವೈರಸ್ಸಿನ ಪ್ರೊಟೀನುಗಳನ್ನು ಇ. ಕೋಲೈಯಲ್ಲಿ ಮಾಡಿಸಿತ್ತು. ಒಳತಿರುಳಿನ ಪ್ರೊಟೀನ್ ಚೆನ್ನಾಗಿಯೇ ಬಂತು. ಲಸಿಕೆಗೆ ಬೇಕಾದ ಹೊರಕವಚದ ಪ್ರೊಟೀನ್ ಮಾತ್ರ ಬ್ಯಾಕ್ಟೀರಿಯಾದ ಕೈಗೆ ಒಗ್ಗಲಿಲ್ಲ. ಕೊನೆಗೆ ಕ್ಯಾಲಿಫೋರ್ನಿಯಾದ ವಿಲಿಯಂ ರಟ್ಟರ್, ಪಾಬ್ಲೊ ವಾಲೆನ್ಸುವೆಲಾ ಮತ್ತು ಜೊತೆಯವರು 1982ರಲ್ಲಿ ಅದನ್ನು ಯೀಸ್ಟಿನಲ್ಲಿ ಮಾಡಿಸಿದರು. ಹೌದು, ಬ್ರೆಡ್ಡಿಗೆ ಹಾಕುವ ಯೀಸ್ಟೇ. ಅಲ್ಲಿ ಪ್ರೊಟೀನುಗಳು ತಾವಾಗಿ ಕೂಡಿಕೊಂಡು ಸಣ್ಣ ಚೆಂಡುಗಳಾದವು. 1986ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿ, ಮನುಷ್ಯರಿಗೆ ಬಂದ ಮೊದಲ ರೀಕಾಂಬಿನೆಂಟ್ ಲಸಿಕೆ ಅದಾಯಿತು. 1997ರಲ್ಲಿ ಹೈದರಾಬಾದಿನ ಶಾಂತಾ ಬಯೋಟೆಕ್ನಿಕ್ಸ್ ಯೀಸ್ಟಿನಲ್ಲೇ ಮಾಡಿ ನಮ್ಮ ದೇಶದಲ್ಲಿ ಅದರ ಬೆಲೆ ಇಳಿಯುವ ಹಾಗೆ ಮಾಡಿತು. ನರ್ಸಿಂಗ್ ಮೊದಲ ವರ್ಷದಲ್ಲಿ ನಾವೆಲ್ಲ ಸಾಲಾಗಿ ನಿಂತು ಮೂರು ಡೋಸ್ ತೆಗೆದುಕೊಳ್ಳಲಿಕ್ಕೆ ಸಾಧ್ಯವಾದದ್ದು ಆ ಬೆಲೆ ಇಳಿದದ್ದರಿಂದ.

ದನ ಸಾಕಿದವರಿಗೆ ಇನ್ನೊಂದು. 1981ರಲ್ಲಿ ಜೆನೆಂಟೆಕ್ ಕಂಪನಿ ಮತ್ತು ಅಮೆರಿಕದ ಕೃಷಿ ಇಲಾಖೆಯವರು ಕಾಲುಬಾಯಿ ಜ್ವರದ ವೈರಸ್ಸಿನ ಒಂದು ಪ್ರೊಟೀನನ್ನು ಇ. ಕೋಲೈಯಲ್ಲಿ ಮಾಡಿಸಿ ದನಗಳಿಗೂ ಹಂದಿಗಳಿಗೂ ಚುಚ್ಚಿ ರಕ್ಷಣೆ ಸಿಕ್ಕಿತೆಂದು ಪ್ರಕಟಿಸಿದರು. ದೊಡ್ಡ ಸುದ್ದಿ. ಆದರೆ ಇವತ್ತಿಗೂ ನಮ್ಮ ಹಟ್ಟಿಗೆ ಬರುವ ವೆಟರಿನರಿಯವರು ಕೊಡುವುದು ಇಡೀ ವೈರಸ್ಸನ್ನು ಬೆಳೆಸಿ ಕೊಂದ ಹಳೆಯ ಕ್ರಮದ ಲಸಿಕೆಯನ್ನೇ. ಒಂಟಿ ಪ್ರೊಟೀನು ಇಡೀ ವೈರಸ್ಸಿನಷ್ಟು ಗಟ್ಟಿ ಪಾಠ ಕಲಿಸಲಿಲ್ಲ.

ಯಾಕೆ ಹೀಗೆ? ಪತ್ರೊಡೆ ನೆನಪು ಮಾಡಿಕೊಳ್ಳಿ. ಕೆಸುವಿನ ಎಲೆ, ಅರೆದ ಹಿಟ್ಟು, ಹುಳಿ, ಖಾರ ಎಲ್ಲ ಸರಿಯಾಗಿದ್ದರೂ ಎಲೆಯ ಮೇಲೆ ಎಲೆ ಇಟ್ಟು ಸರಿಯಾಗಿ ಮಡಚಿ ಸುರುಳಿ ಸುತ್ತದೆ ಎಲ್ಲವನ್ನೂ ಒಟ್ಟಿಗೆ ಅಟ್ಟದ ಪಾತ್ರೆಗೆ ಸುರಿದರೆ ಅದು ಪತ್ರೊಡೆಯಾ? ಪ್ರೊಟೀನೂ ಹಾಗೆ. ಅಮೈನೋ ಆಮ್ಲಗಳ ಉದ್ದ ಸರ ಒಂದು ನಿರ್ದಿಷ್ಟ ರೀತಿಯಲ್ಲಿ ಮಡಚಿಕೊಂಡರೆ ಮಾತ್ರ ಅದು ಆ ಪ್ರೊಟೀನ್. ನಮ್ಮ ಪ್ರತಿಕಾಯಗಳು ಗುರುತು ಹಿಡಿಯುವುದು ಬಹಳ ಮಟ್ಟಿಗೆ ಆ ಆಕಾರವನ್ನು. ಇ. ಕೋಲೈಗೆ ಆತುರ ಜಾಸ್ತಿ. ನಮ್ಮ ಕೋಶಗಳು ವೈರಸ್ ಪ್ರೊಟೀನುಗಳಿಗೆ ಅಂಟಿಸುವ ಸಕ್ಕರೆಯ ಅಲಂಕಾರ ಅದಕ್ಕೆ ಬರುವುದಿಲ್ಲ. ಮಾಡಿದ ಸರಗಳನ್ನು ಮಡಚಲಿಕ್ಕೆ ಪುರುಸೊತ್ತಿಲ್ಲದೆ ಮುದ್ದೆ ಮಾಡಿ ಮೂಲೆಗೆ ಎಸೆಯುತ್ತದೆ, ಒಗೆದ ಸೀರೆಗಳನ್ನು ಹಿಂಡಿ ಬಕೆಟ್ಟಿಗೆ ತುಂಬಿಸಿಟ್ಟ ಹಾಗೆ. ಆ ಮುದ್ದೆಗೆ ಇನ್‌ಕ್ಲೂಶನ್ ಬಾಡಿ ಎನ್ನುತ್ತಾರೆ. ಅದನ್ನು ಬಿಡಿಸಬೇಕಾದರೆ ಗ್ವಾನಿಡೀನ್ ಎಂಬ ರಾಸಾಯನಿಕ ಅಥವಾ ಯೂರಿಯಾ ಬೇಕು. ನಾವು ಗದ್ದೆಗೆ ಹಾಕುವ ಯೂರಿಯಾವೇ, ಶುದ್ಧವಾದದ್ದು! ಅದರಲ್ಲಿ ಕರಗಿಸಿ ಸರವನ್ನು ನೇರ ಮಾಡಿ, ಆಮೇಲೆ ಯೂರಿಯಾವನ್ನು ಮೆಲ್ಲಮೆಲ್ಲನೆ ತೆಗೆಯುತ್ತಾ ಸರ ತಾನಾಗಿ ಸರಿಯಾದ ಮಡಿಕೆಗೆ ಬರುವಂತೆ ಕಾಯಬೇಕು. ಬಂದರೆ ಬಂತು.

ಇನ್ನೊಂದು ತೊಡಕು ನಮ್ಮ ಐಸಿಯು ನರ್ಸುಗಳಿಗೆ ಬೇಗ ಅರ್ಥವಾಗುತ್ತದೆ. ಇ. ಕೋಲೈಯ ಹೊರಗೋಡೆಯಲ್ಲಿ ಎಂಡೋಟಾಕ್ಸಿನ್ ಎಂಬ ವಿಷ ಇದೆ. ಸೆಪ್ಸಿಸ್ ಆದ ರೋಗಿಯ ಬಿಪಿ ಕೈಬಿಟ್ಟು ಇಳಿಯುವುದರ ಹಿಂದೆ ಇರುವುದು ಅನೇಕ ಸಲ ಇದೇ. ಲಸಿಕೆಗೆ ಅದು ಲವಲೇಶವೂ ಹೆಚ್ಚಾಗಿ ಉಳಿಯಬಾರದು. ತೊಳೆದು, ಸೋಸಿ, ಪರೀಕ್ಷಿಸಿ ತೆಗೆಯಬೇಕು.

ಇಷ್ಟೆಲ್ಲ ಇದ್ದರೂ ಬ್ಯಾಕ್ಟೀರಿಯಾದಿಂದ ಆಗುವುದೇ ಇಲ್ಲ ಎಂದಲ್ಲ. ಚೀನಾದ ಶಿಯಾಮೆನ್‌ನಲ್ಲಿ ಹೆಪಟೈಟಿಸ್ ಇ, ಅಂದರೆ ಕೆಟ್ಟ ನೀರಿನಿಂದ ಬರುವ, ಬಸುರಿಯರಿಗೆ ಜೀವಕ್ಕೇ ಅಪಾಯ ತರುವ ಆ ಕಾಮಾಲೆಗೆ ಇ. ಕೋಲೈಯಲ್ಲೇ ಲಸಿಕೆ ಮಾಡಿದರು. ವೈರಸ್ಸಿನ ಕವಚದಿಂದ 239 ಅಮೈನೋ ಆಮ್ಲಗಳ ತುಂಡು. ಅದು ಅದೃಷ್ಟಕ್ಕೆ ತಾನಾಗಿಯೇ ವೈರಸ್ಸಿನಂಥ ಕಣಗಳಾಗಿ ಕೂಡಿಕೊಳ್ಳುತ್ತದೆ. ಒಂದು ಲಕ್ಷಕ್ಕೂ ಹೆಚ್ಚು ಜನರ ಮೇಲೆ ಪ್ರಯೋಗವಾಗಿ 2011ರಲ್ಲಿ ಅಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಬಗ್ಗೆ ಇನ್ನೊಂದು ಕಂತೇ ಬರೆಯಬೇಕು, ನಮ್ಮ ಕಡೆಯ ಕಾಮಾಲೆ ಮದ್ದಿನ ಜಗಳವೂ ಅದರಲ್ಲಿ ಬರಬೇಕು.

ಈಗ ಬೆಂಗಳೂರಿಗೆ ಬರುವ.

ಫ್ಲೂವಿನ ಅಣಬೆಯ ತಲೆ ಬಿಟ್ಟು ಕಾಂಡವನ್ನು ಮಾತ್ರ ಲಸಿಕೆಯಾಗಿ ಕೊಟ್ಟರೆ? ದೇಹ ಬದಲಾಗದ ಭಾಗವನ್ನು ಗುರುತಿಸಲು ಕಲಿಯುತ್ತದೆ, ತಲೆ ಯಾವ ವೇಷ ಹಾಕಿದರೂ ಚಿಂತೆ ಇಲ್ಲ. ಯೋಚನೆ ಸರಳ. ತೊಂದರೆ ಕಾಂಡದ ಸ್ವಭಾವದಲ್ಲಿದೆ. ವೈರಸ್ ನಮ್ಮ ಕೋಶದ ಒಳಗೆ ನುಂಗಲ್ಪಟ್ಟಾಗ ಅಲ್ಲಿನ ಹುಳಿಗೆ, ಅಂದರೆ ಆಮ್ಲೀಯತೆಗೆ, ಈ ಕಾಂಡ ಪಟ್ಟನೆ ಆಕಾರ ಬದಲಿಸಿ, ಸ್ಪ್ರಿಂಗಿನಂತೆ ಚಿಮ್ಮಿ, ವೈರಸ್ಸಿನ ಪೊರೆಯನ್ನು ಕೋಶದ ಪೊರೆಯ ಜೊತೆ ಬೆಸೆಯುತ್ತದೆ. ಅದರ ಮುಖ್ಯ ಕೆಲಸ ಎಂದೆನಲ್ಲ, ಅದು ಇದೇ. ಆಷಾಢದ ಗಾಳಿಗೆ ಕೊಡೆ ಮಗುಚಿಕೊಳ್ಳುವುದನ್ನು ನೋಡಿದ್ದೀರಲ್ಲ, ಹಾಗೆ. ಒಂದು ವ್ಯತ್ಯಾಸ: ಕೊಡೆಯನ್ನು ಬಡಿದು ಸರಿ ಮಾಡಬಹುದು, ಇದು ಮಗುಚಿದರೆ ಮುಗಿಯಿತು. ಮಗುಚಿದ ಆಕಾರವೇ ಅದಕ್ಕೆ ಹೆಚ್ಚು ಆರಾಮ. ಮಗುಚುವ ಮೊದಲಿನ ಹೀಮಗ್ಲುಟಿನಿನ್ನಿನ ಚಿತ್ರವನ್ನು ವೈಲಿ, ವಿಲ್ಸನ್, ಸ್ಕೆಹೆಲ್ ಎಂಬವರು 1981ರಲ್ಲಿ ಕೊಟ್ಟಿದ್ದರು. ಅದು 1968ರ ಹಾಂಗ್‌ಕಾಂಗ್ ವೈರಸ್ಸಿನದೇ. ಮಗುಚಿದ ಮೇಲಿನ ಚಿತ್ರ 1994ರಲ್ಲಿ ಬಂತು.

ಮರುವರ್ಷ, 1995ರಲ್ಲಿ, ಅದೇ ಗುಂಪಿನವರು ಕಾಂಡದ ಮುಖ್ಯ ಭಾಗವನ್ನು ಒಂಟಿಯಾಗಿ ಇ. ಕೋಲೈಯಲ್ಲಿ ಮಾಡಿಸಿ ನೋಡಿದರು. ಬ್ಯಾಕ್ಟೀರಿಯಾ ಮಾಡಿಕೊಟ್ಟಿತು, ಚೆನ್ನಾಗಿ ಮಡಚಿಯೂ ಕೊಟ್ಟಿತು, ಆದರೆ ಹುಟ್ಟುವಾಗಲೇ ಮಗುಚಿದ ಕೊಡೆ! ಮೇಲಿನಿಂದ ಹಿಡಿದಿಟ್ಟುಕೊಳ್ಳಲು ತಲೆ ಇಲ್ಲವಲ್ಲ, ನೇರ ಆರಾಮದ ಆಕಾರಕ್ಕೆ ಹೋಗಿ ಕೂತಿತು. ಲಸಿಕೆಗೆ ಅದು ಉಪಯೋಗವಿಲ್ಲ. ಯುದ್ಧ ಮುಗಿದ ಮೇಲಿನ ಮುಖ ತೋರಿಸಿ "ಇವನನ್ನು ಹಿಡಿ" ಎಂದು ದೇಹಕ್ಕೆ ಹೇಳಿಕೊಟ್ಟರೆ, ಕಳ್ಳ ಒಳನುಗ್ಗುವಾಗ ಬೇರೆಯೇ ಮುಖದಲ್ಲಿ ಬರುತ್ತಾನೆ.

ವರದರಾಜನ್ ಅವರ ತಂಡ ಬಿಡಿಸಿದ ಗಂಟು ಇದು. 2010ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಬಂದ ಆ ಪ್ರಬಂಧದ ಮೊದಲ ಹೆಸರು ಗಾಯತ್ರಿ ಬೊಮ್ಮಕಂಟಿ. ಜೊತೆಗೆ ಮರ್ಕ್ ಕಂಪನಿಯ ಸಂಶೋಧಕರೂ ಇದ್ದರು. ಅವರು ಮಾಡಿದ್ದು ಒಳ್ಳೆಯ ದರ್ಜಿಯ ಕೆಲಸ. ಕಾಂಡದಲ್ಲಿ ಬೇಕಾದಷ್ಟನ್ನು ಉಳಿಸಿ ಬೇಡದ್ದನ್ನು ಕತ್ತರಿಸಿದರು. ತಲೆಯ ಸರದಿಂದ ಕಾಂಡವನ್ನು ತಬ್ಬಿಕೊಂಡಿರುವ ತುಂಡುಗಳನ್ನು ಮಾತ್ರ ತಂದು ಹೊಲಿದರು. ಆಮೇಲೆ ಮುಖ್ಯ ಉಪಾಯ: ಕೆಲವು ಅಮೈನೋ ಆಮ್ಲಗಳನ್ನು ಬದಲಿಸಿ ಮಗುಚಿದ ಆಕಾರವೇ ಅದಕ್ಕೆ ಕಷ್ಟವಾಗುವ ಹಾಗೆ ಮಾಡಿದರು. ಕೂತರೆ ಚುಚ್ಚುವ ಕುರ್ಚಿಯಲ್ಲಿ ಯಾರು ಕೂರುತ್ತಾರೆ? ಸರಿಯಾದ ಆಕಾರದಲ್ಲೇ ನಿಲ್ಲಬೇಕಾಯಿತು. ಅದಕ್ಕೆ ಎಚ್‌ಎ6 ಎಂದು ಹೆಸರಿಟ್ಟರು.

ಇ. ಕೋಲೈ ಅದನ್ನೂ ತನ್ನ ಹಳೇ ಚಾಳಿಯಂತೆ ಮುದ್ದೆ ಮಾಡಿಯೇ ಕೊಟ್ಟಿತು. ಮುದ್ದೆಯನ್ನು ಬಿಡಿಸಿ, ಮತ್ತೆ ಮಡಚಿಕೊಳ್ಳಲು ಬಿಟ್ಟರು. ಸರಿಯಾಗಿ ಮಡಚಿಕೊಂಡಿದೆಯಾ ಎಂದು ನೋಡಲು, ಹಲವು ಎಚ್3 ತಳಿಗಳನ್ನು ತಡೆಯುವುದೆಂದು ಗೊತ್ತಿದ್ದ ಒಂದು ಪ್ರತಿಕಾಯವನ್ನು ಅದಕ್ಕೆ ತೋರಿಸಿದರು. ಅಂಟಿಕೊಂಡಿತು. ಕೊಡೆ ಮಗುಚಿಲ್ಲ!

ಆಮೇಲೆ ಇಲಿಗಳು. ಎಚ್‌ಎ6 ಕೊಟ್ಟ ಇಲಿಗಳಿಗೆ ಸಾಯುವಷ್ಟು ಪ್ರಮಾಣದಲ್ಲಿ 1968ರ ಹಾಂಗ್‌ಕಾಂಗ್ ವೈರಸ್ ಕೊಟ್ಟರು. ರಕ್ಷಣೆ ಸಿಕ್ಕಿತು. ನನಗೆ ರೋಮಾಂಚನವಾದದ್ದು ಮುಂದಿನ ಸಾಲಿಗೆ. 1982ರ ಫಿಲಿಪೀನ್ಸ್ ತಳಿಯ ಕಾಂಡದಿಂದ ಅದೇ ಮಾದರಿಯಲ್ಲಿ ಮಾಡಿದ ಪ್ರೊಟೀನೂ 1968ರ ವೈರಸ್ಸಿನ ಎದುರು ಇಲಿಗಳನ್ನು ಕಾಪಾಡಿತು. ಎರಡರ ನಡುವೆ 14 ವರ್ಷ. ನಾನು ಕೊಡುವ ಲಸಿಕೆಯನ್ನು ಒಂದೆರಡು ವರ್ಷಕ್ಕೇ ಬದಲಿಸಬೇಕಾಗುತ್ತದೆ. ಅಪ್ಪನ ರಿಪೋರ್ಟಿನಲ್ಲಿದ್ದ ಎಚ್3ಎನ್2 ಈ ವಂಶದ್ದೇ ಎಂದು ಆಗಲೇ ಹೇಳಿದೆ. ನೈಟ್ ಡ್ಯೂಟಿಯಲ್ಲಿ, ಬೆಳಗಿನ ಮೂರು ಗಂಟೆಗೆ, ಆ ಸಾಲನ್ನು ಎರಡು ಸಲ ಓದಿದೆ.

2014ರಲ್ಲಿ ಅದೇ ತಂಡ ಎಚ್1 ಜಾತಿಯ ಕಾಂಡಕ್ಕೆ ಇನ್ನೂ ಚಿಕ್ಕದಾದ, ಬಿಸಿಯನ್ನೂ ತಡೆಯುವ ವಿನ್ಯಾಸ ಕೊಟ್ಟಿತು. ಈ ಸಲ ಬ್ಯಾಕ್ಟೀರಿಯಾ ಮುದ್ದೆ ಮಾಡಲಿಲ್ಲ, ಪ್ರೊಟೀನ್ ನೀರಿನಲ್ಲಿ ಕರಗಿದ ಸ್ಥಿತಿಯಲ್ಲೇ ಬಂತು. ಎಷ್ಟೋ ದೂರದ ತಳಿಗಳ ಕಾಂಡದಿಂದ ಮಾಡಿದವು 1934ರ ಪೋರ್ಟೊರಿಕೋ ವೈರಸ್ಸಿನ ಎದುರು ಇಲಿಗಳನ್ನು ಉಳಿಸಿದವು. ಈ ಕೆಲಸ ನಡೆದ ಮಾಲಿಕ್ಯುಲರ್ ಬಯೋಫಿಸಿಕ್ಸ್ ವಿಭಾಗವನ್ನು ಕಟ್ಟಿದವರು ಜಿ.ಎನ್. ರಾಮಚಂದ್ರನ್. ಪ್ರೊಟೀನ್ ಸರ ಯಾವ ಯಾವ ಕೋನದಲ್ಲಿ ಮಡಚಿಕೊಳ್ಳಬಹುದು, ಯಾವುದರಲ್ಲಿ ಸಾಧ್ಯವಿಲ್ಲ ಎಂದು 1963ರಲ್ಲೇ ಮದ್ರಾಸಿನಲ್ಲಿ ಕೂತು ತೋರಿಸಿಕೊಟ್ಟವರು. ಮಡಚುವುದರ ಶಾಸ್ತ್ರ ಬರೆದವರ ಮನೆಯಲ್ಲೇ ಈ ಮಡಿಕೆ ಬಿಡಿಸಿದ್ದು.

ಹಾಗಾದರೆ ಆ ಲಸಿಕೆ ಎಲ್ಲಿ ಎಂದು ಕೇಳುತ್ತೀರಿ. ನನ್ನ ಫ್ರಿಜ್ಜಿನಲ್ಲಿ ಇಲ್ಲ. ಇಲಿಗೆ ಕೆಲಸ ಮಾಡಿದ್ದು ಮನುಷ್ಯರಿಗೂ ಆಗುತ್ತದೆ ಎಂದು ಹೇಳಲಿಕ್ಕಾಗುವುದಿಲ್ಲ. ನಾವು ಹುಟ್ಟಿದಾಗಿನಿಂದ ಎಷ್ಟೋ ಫ್ಲೂ ನೋಡಿದ್ದೇವೆ, ನಮ್ಮ ದೇಹ ಮೊದಲೇ ತಲೆಯ ಕಡೆಗೆ ಒಲಿದು ಕೂತಿದೆ. ಕಾಂಡದ ಯೋಚನೆಯನ್ನು ಬೇರೆ ಬೇರೆ ರೀತಿಯಲ್ಲಿ ಅಮೆರಿಕದಲ್ಲಿ ಮನುಷ್ಯರ ಮೇಲೆ ಪರೀಕ್ಷಿಸಿದ್ದಾರೆ, ಪ್ರತಿಕಾಯ ಬಂದಿದೆ. ಆದರೆ ಎಲ್ಲ ಫ್ಲೂವಿಗೂ ಒಂದೇ ಎನ್ನುವ ಲಸಿಕೆಗೆ ಇನ್ನೂ ಎಲ್ಲೂ ಒಪ್ಪಿಗೆ ಸಿಕ್ಕಿಲ್ಲ. ಮೊಟ್ಟೆ ಇಲ್ಲದೆ ಕೀಟದ ಕೋಶದಲ್ಲಿ ಮಾಡಿದ ರೀಕಾಂಬಿನೆಂಟ್ ಫ್ಲೂ ಲಸಿಕೆಗೆ ಅಮೆರಿಕದಲ್ಲಿ 2013ರಲ್ಲಿ ಒಪ್ಪಿಗೆ ಬಂತು, ನಿಜ. ಆದರೆ ಅದರಲ್ಲೂ ತಲೆ ಇದೆ, ಅದನ್ನೂ ಪ್ರತಿ ವರ್ಷ ಬದಲಿಸಬೇಕು.

ವರದರಾಜನ್ ಅವರು ಗೌತಮ್ ನಾಡಿಗ್ ಅವರ ಜೊತೆ 2017ರಲ್ಲಿ ಮಿನ್ವಾಕ್ಸ್ ಎಂಬ ಕಂಪನಿ ಶುರುಮಾಡಿದರು. ಕೊರೊನಾ ಬಂದಾಗ ಆ ವೈರಸ್ಸಿನ ಮುಳ್ಳಿನ ಒಂದು ತುಂಡನ್ನು, ಪುಡಿ ರೂಪದಲ್ಲಿ 37 ಡಿಗ್ರಿಯಲ್ಲಿ ಒಂದು ತಿಂಗಳು ಇಟ್ಟರೂ ಕೆಡದಂತೆ, 100 ಡಿಗ್ರಿಯಲ್ಲಿ 90 ನಿಮಿಷ ತಡೆದುಕೊಳ್ಳುವಂತೆ ರೂಪಿಸಿದರು. ಗಲ್ಫ್‌ನಲ್ಲಿ ಲಸಿಕೆಯ ಪೆಟ್ಟಿಗೆ ಹೊತ್ತು ಕಾರ್ ಪಾರ್ಕಿಂಗಿನಿಂದ ಕ್ಯಾಂಪಿನ ಬಾಗಿಲವರೆಗೆ ನಡೆದವರಿಗೆ ಮಾತ್ರ ಇದರ ಬೆಲೆ ಗೊತ್ತಾಗುವುದು. ಆದರೆ ಗಮನಿಸಿ, ಅದನ್ನು ಮಾಡಿಸಿದ್ದು ಬ್ಯಾಕ್ಟೀರಿಯಾದಲ್ಲಿ ಅಲ್ಲ, ಸಸ್ತನಿಗಳ ಕೋಶದಲ್ಲಿ. ಇಲ್ಲಿ ಯುಎಇಯಲ್ಲಿ 2020ರ ಡಿಸೆಂಬರಿನಲ್ಲಿ ನಾವೆಲ್ಲ ಮೊದಲು ತೆಗೆದುಕೊಂಡ ಸೈನೋಫಾರ್ಮ್ ಇಡೀ ವೈರಸ್ಸನ್ನು ಕೊಂದು ಮಾಡಿದ ಲಸಿಕೆ. ಅದೇ ಕಂಪನಿಯ ರೀಕಾಂಬಿನೆಂಟ್ ಪ್ರೊಟೀನ್ ಬೂಸ್ಟರಿಗೆ ಇಲ್ಲಿ 2021ರ ಡಿಸೆಂಬರಿನಲ್ಲಿ ಒಪ್ಪಿಗೆಯಾಯಿತು. ಅದಕ್ಕೆ ಬಳಸಿದ್ದೂ ಹ್ಯಾಮ್‌ಸ್ಟರ್ ಎಂಬ ಇಲಿಜಾತಿಯ ಪ್ರಾಣಿಯ ಕೋಶ. ಸಕ್ಕರೆಯ ಅಲಂಕಾರ ಬೇಕಾದಲ್ಲಿ ಬ್ಯಾಕ್ಟೀರಿಯಾವನ್ನು ಈಗಲೂ ಅಡುಗೆಮನೆಯ ಹೊರಗೇ ನಿಲ್ಲಿಸುತ್ತಾರೆ. ನನಗೆ ಮಾತ್ರ ಅದರ ಮೇಲೇ ಆಸೆ. ಅದಕ್ಕೆ ಬೇಕಾದದ್ದು ಸ್ವಲ್ಪ ಉಪ್ಪು, ಆಹಾರ, ಬಿಸಿ. ದೊಡ್ಡ ಕಾರ್ಖಾನೆ ಇಲ್ಲದ ದೇಶವೂ ಅದನ್ನು ಸಾಕಬಹುದು.

ಆ ಬೈಂದೂರಿನ ಅಣ್ಣನಿಗೆ ಇಷ್ಟನ್ನೂ ಸಾಲಿನಲ್ಲಿ ನಿಲ್ಲಿಸಿ ಹೇಳಲಿಕ್ಕೆ ಆಗುತ್ತಿರಲಿಲ್ಲ, ಹಿಂದೆ ಇನ್ನೂ ಎಪ್ಪತ್ತು ಜನ ಇದ್ದರು.

ಊರಿನವರಿಗೆ ಒಂದು ವಿಷಯ, ನಾನೇ ತಪ್ಪಿದ್ದು. ಯುಎಇಯಲ್ಲಿ ಫ್ಲೂ ಹೆಚ್ಚುವುದು ಚಳಿಗಾಲದಲ್ಲಿ, ಅದಕ್ಕೇ ಇಲ್ಲಿ ಅಕ್ಟೋಬರ್. ನಮ್ಮ ಕಡೆ ಅದು ಮಳೆಯ ಜೊತೆ ಬರುತ್ತದೆ, ಜೂನಿನಿಂದ ಸೆಪ್ಟೆಂಬರ್. ನಾನು ನನ್ನ ರಜೆ ನೋಡಿಕೊಂಡು ಡಿಸೆಂಬರಿನಲ್ಲಿ ಚುಚ್ಚಿದ್ದು ಜುಲೈ ಹೊತ್ತಿಗೆ ಹೇಗೂ ಸೊರಗಿರುತ್ತದೆ. 60 ದಾಟಿದವರು, ಸಕ್ಕರೆ ಕಾಯಿಲೆ, ದಮ್ಮು, ಹೃದಯದ ತೊಂದರೆ ಇರುವವರು, ಬಸುರಿಯರು ನಿಮ್ಮ ಡಾಕ್ಟರಲ್ಲಿ ಕೇಳಿ ಮಳೆಗೆ ಮೊದಲು, ಏಪ್ರಿಲ್–ಮೇಯಲ್ಲಿ, ಆ ವರ್ಷದ ಹೊಸ ಲಸಿಕೆ ತೆಗೆದುಕೊಳ್ಳಿ. ದೊಡ್ಡಪ್ಪ, ನೀವು "ನನಗೆ ಎಂತದೂ ಆಗುದಿಲ್ಲ" ಎಂದು ಕಮೆಂಟ್ ಹಾಕಬೇಡಿ, ಅಪ್ಪನೂ ಹಾಗೇ ಹೇಳುತ್ತಿದ್ದರು.

ಈ ವರ್ಷ ಮೇ ಎರಡನೇ ವಾರ ತಮ್ಮ ಅಪ್ಪ ಅಮ್ಮನನ್ನು ಪುತ್ತೂರಿಗೆ ಕರೆದುಕೊಂಡು ಹೋಗಿದ್ದ. ಬರುವಾಗ ಅಪ್ಪ ತೋಳು ನೋವೆಂದು ಬೈದುಕೊಂಡು, ಹೊಸ ಕೊಡೆಯೊಂದನ್ನು ಕೊಂಡುಕೊಂಡು ಬಂದರಂತೆ. ಫೋಟೋ ಕಮೆಂಟಿನಲ್ಲಿ ಹಾಕುತ್ತೇನೆ.